ಎರಡನೇ ಆಳು ಸೇರಿಸುವ ಕಷ್ಟ: ಸಣ್ಣ ಉದ್ಯಮಗಳು ನಿಜಕ್ಕೂ ಎಷ್ಟು ಕೆಲಸ ಕೊಡುತ್ತವೆ?

ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಅಭಿವೃದ್ಧಿಶೀಲ ದೇಶಗಳ ಸುಮಾರು 120 ಕೋಟಿ ಯುವಜನರು ದುಡಿಯುವ ವಯಸ್ಸಿಗೆ ಬರುತ್ತಾರೆ. ಈಗಿನ ವೇಗದಲ್ಲಿ ಹೋದರೆ ಆ ದೇಶಗಳಲ್ಲಿ ಹುಟ್ಟುವ ಹೊಸ ಕೆಲಸಗಳು ಸುಮಾರು 42 ಕೋಟಿ ಮಾತ್ರ. ವಿಶ್ವಬ್ಯಾಂಕ್ ಪದೇ ಪದೇ ಮುಂದಿಡುತ್ತಿರುವ ಲೆಕ್ಕ ಇದು. ಹಾಗಾದರೆ ಮಿಕ್ಕ 78 ಕೋಟಿ ಜನ ಏನು ಮಾಡಬೇಕು? ಈ ಪ್ರಶ್ನೆ ಎದ್ದಾಗಲೆಲ್ಲ ಬಹುತೇಕ ಸರ್ಕಾರಗಳು ಕೊಡುವ ಉತ್ತರ ಒಂದೇ: ಸಣ್ಣ ಉದ್ಯಮಗಳನ್ನು ಬೆಳೆಸುತ್ತೇವೆ, ಕೆಲಸ ಅವೇ ಕೊಡುತ್ತವೆ.

ಈ ಮಾತಿಗೆ ಆಧಾರ ಇಲ್ಲದೆ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ಅಂದರೆ ಐಎಲ್‌ಒ, 2019ರಲ್ಲಿ 99 ದೇಶಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿ ನೋಡಿತು. ದುಡಿಯುವ ಹತ್ತು ಜನರಲ್ಲಿ ಏಳು ಜನ ಸ್ವಂತ ಕೆಲಸ ಮಾಡಿಕೊಂಡಿದ್ದಾರೆ, ಇಲ್ಲವೇ 50ಕ್ಕಿಂತ ಕಡಿಮೆ ಜನರಿರುವ ಘಟಕಗಳಲ್ಲಿದ್ದಾರೆ. ದೇಶ ಬಡವಾದಷ್ಟೂ ಈ ಪಾಲು ಜಾಸ್ತಿ.

ಆದರೆ ಜನ ಈಗ ಎಲ್ಲಿ ದುಡಿಯುತ್ತಿದ್ದಾರೆ ಅನ್ನುವುದು ಒಂದು ಪ್ರಶ್ನೆ, ಹೊಸ ಕೆಲಸ ಎಲ್ಲಿ ಹುಟ್ಟುತ್ತದೆ ಅನ್ನುವುದು ಇನ್ನೊಂದು. ಭಾಷಣಗಳಲ್ಲಿ ಇವೆರಡೂ ಕಲಸಿಹೋಗುತ್ತವೆ. ಬೇರೆಲ್ಲೂ ಕೆಲಸ ಸಿಗದವರು ತಮ್ಮ ಪಾಡಿಗೆ ತಾವು ಏನೋ ಒಂದು ವ್ಯಾಪಾರ ಹಿಡಿದುಕೊಂಡು ಕೂತರೆ, ಲೆಕ್ಕದಲ್ಲಿ ಅದೂ ಒಂದು ಉದ್ಯಮ, ಅದೂ ಒಂದು ಉದ್ಯೋಗ. ಅಂಥ ಉದ್ಯಮಗಳು ಹೆಚ್ಚಿದರೆ ದೇಶದಲ್ಲಿ ಕೆಲಸ ಹೆಚ್ಚಿತು ಎನ್ನಬಹುದೇ? ಕೆಲಸ ಇಲ್ಲದ್ದಕ್ಕೇ ಅವು ಹೆಚ್ಚಿರಬಹುದು, ಅಲ್ವಾ?

ಸಣ್ಣ ಉದ್ಯಮವೇ ಉದ್ಯೋಗದ ತಾಯಿಬೇರು ಅನ್ನುವ ನಂಬಿಕೆ ಶುರುವಾಗಿದ್ದು ಬಡ ದೇಶಗಳಲ್ಲಲ್ಲ, ಅಮೆರಿಕದಲ್ಲಿ. 1979ರಲ್ಲಿ ಡೇವಿಡ್ ಬರ್ಚ್ ಎಂಬ ಸಂಶೋಧಕರು ಅಲ್ಲಿನ ಹೊಸ ಉದ್ಯೋಗಗಳಲ್ಲಿ ಹೆಚ್ಚಿನವು ಸಣ್ಣ ಸಂಸ್ಥೆಗಳಿಂದ ಬರುತ್ತಿವೆ ಎಂದು ವರದಿ ಕೊಟ್ಟರು. ಅದು ಜಗತ್ತಿನಾದ್ಯಂತ ನೀತಿ ರೂಪಿಸುವವರ ತಲೆಯಲ್ಲಿ ಕೂತುಬಿಟ್ಟಿತು. ಮುಂದೆ 2013ರಲ್ಲಿ ಜಾನ್ ಹಾಲ್ಟಿವಾಂಗರ್ ಮತ್ತು ಅವರ ಜೊತೆಗಾರರು ಅದೇ ದೇಶದ ಹೆಚ್ಚು ಪೂರ್ತಿಯಾದ ದಾಖಲೆ ಹಿಡಿದು ಮತ್ತೆ ಲೆಕ್ಕ ಹಾಕಿದರು. ಸಂಸ್ಥೆಯ ವಯಸ್ಸನ್ನು ಪಕ್ಕದಲ್ಲಿಟ್ಟು ನೋಡಿದಾಗ ಗಾತ್ರಕ್ಕೂ ಬೆಳವಣಿಗೆಗೂ ಇದ್ದ ನಂಟು ಹೆಚ್ಚುಕಡಿಮೆ ಮಾಯವಾಯಿತು. ಕೆಲಸ ಕೊಡುತ್ತಿದ್ದವು ಹೊಸದಾಗಿ ಹುಟ್ಟಿದ ಸಂಸ್ಥೆಗಳು. ಹೊಸದಾಗಿ ಹುಟ್ಟಿದ್ದು ಸಾಮಾನ್ಯವಾಗಿ ಚಿಕ್ಕದೇ ಇರುತ್ತದೆ. ಹಾಗಾಗಿ ಚಿಕ್ಕದಕ್ಕೆ ಹೆಸರು ಬಂತು.

ಅಭಿವೃದ್ಧಿಶೀಲ ದೇಶಗಳ ಚಿತ್ರ ಸ್ವಲ್ಪ ಬೇರೆ. ನೂರರ ಹತ್ತಿರ ದೇಶಗಳ ನೋಂದಾಯಿತ ಸಂಸ್ಥೆಗಳನ್ನು ನೋಡಿದ ವಿಶ್ವಬ್ಯಾಂಕಿನ ಅಧ್ಯಯನವೊಂದು 2011ರಲ್ಲಿ ಬಂತು. 100ಕ್ಕಿಂತ ಕಡಿಮೆ ಜನರಿರುವ ಸಂಸ್ಥೆಗಳೇ ಹೆಚ್ಚು ಕೆಲಸ ಹುಟ್ಟಿಸುತ್ತಿವೆ ಎಂದು ಅದು ಹೇಳಿತು. ಜೊತೆಗೇ ಇನ್ನೊಂದು ಮಾತನ್ನೂ ಹೇಳಿತು: ಉತ್ಪಾದಕತೆ, ಅಂದರೆ ಒಬ್ಬೊಬ್ಬ ಕೆಲಸಗಾರ ಹುಟ್ಟಿಸುವ ಮೌಲ್ಯ, ವೇಗವಾಗಿ ಏರುತ್ತಿರುವುದು ದೊಡ್ಡ ಸಂಸ್ಥೆಗಳಲ್ಲಿ. ಸಂಬಳ ಏರಬೇಕಾದರೆ ಉತ್ಪಾದಕತೆ ಏರಲೇಬೇಕು. ಸಣ್ಣ ಉದ್ಯಮ ಹೆಚ್ಚು ಜನರಿಗೆ ಕೆಲಸ ಕೊಡುತ್ತದೆ ನಿಜ, ಕೊಡುವುದು ಕಡಿಮೆ ಸಂಬಳದ ಕೆಲಸ.

ಹುಟ್ಟುವುದರ ಜೊತೆ ಮುಚ್ಚುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಡೇವಿಡ್ ಮೆಕೆಂಜಿ ಮತ್ತು ಆನ್ನಾ ಪಾಫ್‌ಹೌಸನ್ ಅವರು 12 ದೇಶಗಳ 14,000ಕ್ಕೂ ಹೆಚ್ಚು ಸಣ್ಣ ಉದ್ಯಮಗಳ ಜಾಡು ಹಿಡಿದು ಹೋದರು. ವರ್ಷಕ್ಕೆ ಸರಾಸರಿ ನೂರರಲ್ಲಿ ಎಂಟು ಉದ್ಯಮಗಳು ಮುಚ್ಚುತ್ತಿದ್ದವು. ಆರು ವರ್ಷಗಳೊಳಗೆ ಅರ್ಧದಷ್ಟು ಇರುವುದಿಲ್ಲ ಅನ್ನುವುದು ಅವರ ಅಂದಾಜು. ಆರಂಭೋತ್ಸವದ ದಿನ ಎಣಿಸಿದ ಕೆಲಸಗಳಲ್ಲಿ ಎಷ್ಟು ಉಳಿದವು ಎಂದು ಆರು ವರ್ಷಗಳ ನಂತರ ಹೋಗಿ ಕೇಳುವವರು ಬಹಳ ಕಡಿಮೆ.

ಹಾಗಾದರೆ ಈ ಉದ್ಯಮಗಳ ಒಳಗೆ ಏನಿದೆ? ಭಾರತದ ಲೆಕ್ಕವನ್ನೇ ತೆಗೆದುಕೊಳ್ಳಿ. 2015-16ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಕೃಷಿಯೇತರ ಕಿರು, ಸಣ್ಣ, ಮಧ್ಯಮ ಉದ್ಯಮಗಳು ಸುಮಾರು 6.34 ಕೋಟಿ. ಅವುಗಳಲ್ಲಿ ದುಡಿಯುತ್ತಿದ್ದವರು ಸುಮಾರು 11.1 ಕೋಟಿ. ಭಾಗಿಸಿ ನೋಡಿ, ಒಂದು ಉದ್ಯಮಕ್ಕೆ ಎರಡು ಜನರೂ ಬರುವುದಿಲ್ಲ. ಸಂಬಳಕ್ಕೆ ಒಬ್ಬರನ್ನೂ ಕಾಯಂ ಆಗಿ ಇಟ್ಟುಕೊಳ್ಳದೆ ಮಾಲೀಕರು ಮತ್ತು ಮನೆಯವರೇ ನಡೆಸುವ ಘಟಕಗಳ ಪಾಲು ಅದೇ ಸಮೀಕ್ಷೆಯಲ್ಲಿ ನೂರಕ್ಕೆ 84. ಆಫ್ರಿಕಾ, ದಕ್ಷಿಣ ಏಷ್ಯಾ, ಲ್ಯಾಟಿನ್ ಅಮೆರಿಕದ ಬಹಳಷ್ಟು ಕಡೆಯೂ ಹೆಚ್ಚುಕಡಿಮೆ ಹೀಗೇ ಇದೆ. ಹಾಗಾಗಿ ಸಣ್ಣ ಉದ್ಯಮದಿಂದ ಉದ್ಯೋಗ ಅನ್ನುವ ಮಾತಿನ ತಿರುಳು ಒಂದು ಸರಳ ಪ್ರಶ್ನೆಯಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಒಬ್ಬರೇ ನಡೆಸುವ ಉದ್ಯಮಕ್ಕೆ ಎರಡನೇ ಆಳು ಯಾವಾಗ ಸೇರುತ್ತಾರೆ? ಯಾಕೆ ಸೇರುವುದಿಲ್ಲ?

ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡ ಒಬ್ಬ ಹೆಣ್ಣುಮಗಳನ್ನು ಕಣ್ಣಮುಂದೆ ತಂದುಕೊಳ್ಳಿ. ಅವರು ಯಾವ ದೇಶದವರಾದರೂ ಆಗಬಹುದು. ಹಬ್ಬದ ತಿಂಗಳಲ್ಲಿ ಕೈತುಂಬ ಕೆಲಸ, ರಾತ್ರಿ ಹನ್ನೊಂದಾದರೂ ಮುಗಿಯುವುದಿಲ್ಲ. ಒಂದಿಬ್ಬರು ಗಿರಾಕಿಗಳು ಕಾದು ಕಾದು ಬೇರೆ ಕಡೆ ಹೋಗುತ್ತಾರೆ. ಆಗ ಇನ್ನೊಬ್ಬರು ಇದ್ದಿದ್ದರೆ ಅಂತ ಅನ್ನಿಸುತ್ತದೆ. ಆದರೆ ಇನ್ನೊಬ್ಬರು ಬರಬೇಕಾದರೆ ಮೊದಲು ಇನ್ನೊಂದು ಯಂತ್ರ ಬೇಕು. ಅರ್ಧ ಆಳು, ಅರ್ಧ ಯಂತ್ರ ಸಿಗುವುದಿಲ್ಲ. ಯಂತ್ರ ಇಡುವಷ್ಟು ಜಾಗ ಆ ಕೋಣೆಯಲ್ಲಿ ಇರಬೇಕು. ಬಂದವರಿಗೆ ಕೈ ಕೂರುವ ತನಕ ಕೆಲವು ವಾರ ಕಲಿಸಬೇಕು, ಆಗ ತಮ್ಮ ಹೊಲಿಗೆಯೂ ಹಿಂದೆ ಬೀಳುತ್ತದೆ. ಅವರು ಒಂದು ಬಟ್ಟೆ ತಪ್ಪಾಗಿ ಕತ್ತರಿಸಿದರೆ ದಂಡ ಯಜಮಾನಿಯದು. ಚೆನ್ನಾಗಿ ಕಲಿತರೆ ನಾಳೆ ಪಕ್ಕದ ಬೀದಿಯಲ್ಲಿ ತಮ್ಮದೇ ಯಂತ್ರ ಹಾಕಿಕೊಳ್ಳಬಹುದು. ಸೀಸನ್ ಮುಗಿದ ಮೇಲೆ ಮೂರು ತಿಂಗಳು ಕೆಲಸ ಇರಲಿ ಬಿಡಲಿ, ಸಂಬಳವನ್ನಂತೂ ಕೊಡಲೇಬೇಕು. ಈ ನಡುವೆ ಮನೆಯಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆ ಮೊದಲು ಖಾಲಿಯಾಗುವುದು ಅಂಗಡಿಯ ಬಂಡವಾಳವೇ.

ಇಷ್ಟನ್ನೂ ಲೆಕ್ಕ ಹಾಕಿ ಅವರು ಒಬ್ಬರೇ ಇರಲು ತೀರ್ಮಾನಿಸಿದರೆ ಅದನ್ನು ಧೈರ್ಯ ಸಾಲದು ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಅವರ ಲೆಕ್ಕ ಸರಿಯಾಗಿಯೇ ಇದೆ.

ಸುರೇಶ್ ಡಿ ಮೆಲ್, ಡೇವಿಡ್ ಮೆಕೆಂಜಿ ಮತ್ತು ಕ್ರಿಸ್ಟೋಫರ್ ವುಡ್ರಫ್ ಇದನ್ನು ಶ್ರೀಲಂಕಾದಲ್ಲಿ ಪ್ರಯೋಗ ಮಾಡಿಯೇ ನೋಡಿದರು. ಕಿರು ಉದ್ಯಮಿಗಳು ಒಬ್ಬ ಹೊಸ ಕೆಲಸಗಾರನನ್ನು ಇಟ್ಟುಕೊಂಡರೆ ಸಂಬಳದ ಒಂದು ಪಾಲನ್ನು ಕೆಲವು ತಿಂಗಳು ಯೋಜನೆಯೇ ಕೊಡುತ್ತದೆ ಎಂದರು. ಸಹಾಯಧನ ಸಿಗುವಷ್ಟು ದಿನ ಜನ ಕೆಲಸಕ್ಕೆ ಸೇರಿದರು. ನಿಂತ ಮೇಲೆ ಆ ಹೆಚ್ಚಳ ಉಳಿಯಲಿಲ್ಲ. ಮಾರಾಟ ಹೆಚ್ಚದೆ ಬರೀ ಆಳು ಹೆಚ್ಚಿದರೆ ಸಂಬಳಕ್ಕೆ ದುಡ್ಡು ಎಲ್ಲಿಂದ ಬರಬೇಕು?

ಘಾನಾದ ಅನುಭವ ಇದಕ್ಕಿಂತ ಬೇರೆ. ಅಲ್ಲಿ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರು ಯಜಮಾನರಿಗೆ ಮೊದಲೇ ಇಂತಿಷ್ಟು ಹಣ ಕೊಡುವ ರೂಢಿ ಇದೆ. ದುಡ್ಡು ಕಟ್ಟಿ ಬಂದವನು ಅರ್ಧಕ್ಕೆ ಬಿಟ್ಟು ಓಡುವುದಿಲ್ಲ ಅನ್ನುವುದು ಯಜಮಾನರ ನಂಬಿಕೆ. ಆದರೆ ಕೈಚಳಕ ಇದ್ದೂ ದುಡ್ಡಿಲ್ಲದ ಮಕ್ಕಳು ಹೊರಗೇ ಉಳಿದುಬಿಡುತ್ತಾರೆ. ಸರ್ಕಾರದ ತರಬೇತಿ ಕಾರ್ಯಕ್ರಮವೊಂದು ಆ ಶುಲ್ಕವಿಲ್ಲದೆಯೇ ಆಸಕ್ತರನ್ನು ಆರಿಸಿ ಅಂಗಡಿಗಳಿಗೆ ಕಳಿಸಿತು. ಅಂಗಡಿಗಳೂ ಬೆಳೆದವು, ಲಾಭವೂ ಹೆಚ್ಚಿತು. ಅಲ್ಲಿ ಕೊರತೆ ಇದ್ದಿದ್ದು ನಂಬಬಹುದಾದ ಕೆಲಸಗಾರನನ್ನು ಹುಡುಕುವ ದಾರಿಯದು. ಒಂದು ದೇಶದಲ್ಲಿ ನಡೆಯದ್ದು ಇನ್ನೊಂದು ಕಡೆ ನಡೆಯುತ್ತದೆ, ಯಾಕೆಂದರೆ ಗಂಟು ಬಿದ್ದಿರುವ ಜಾಗ ಬೇರೆ.

ಶ್ರೀಲಂಕಾದ ಅದೇ ಸಂಶೋಧಕರು ಇನ್ನೊಂದು ವಿಷಯವನ್ನೂ ಅಳೆದರು. ಒಬ್ಬರೇ ಉದ್ಯಮ ನಡೆಸುವವರು ಗುಣ, ಹಿನ್ನೆಲೆ, ಒಲವುಗಳಲ್ಲಿ ಯಾರನ್ನು ಹೋಲುತ್ತಾರೆ? ಹತ್ತಾರು ಜನರಿಗೆ ಕೆಲಸ ಕೊಟ್ಟ ಮಾಲೀಕರನ್ನೋ, ಸಂಬಳಕ್ಕೆ ದುಡಿಯುವವರನ್ನೋ? ಮೂರನೇ ಎರಡು ಪಾಲಿಗೂ ಹೆಚ್ಚು ಜನ ಸಂಬಳದಾರರನ್ನೇ ಹೋಲುತ್ತಿದ್ದರು. ಒಂದು ಒಳ್ಳೆಯ ನೌಕರಿ ಸಿಕ್ಕರೆ ಇವರಲ್ಲಿ ಬಹಳ ಜನ ಅಂಗಡಿ ಮುಚ್ಚಿ ಹೋಗುತ್ತಾರೆ. ಇವರೆಲ್ಲ ನಾಳೆಯ ಉದ್ಯಮಪತಿಗಳು ಅಂತ ಯೋಜನೆ ರೂಪಿಸುವುದು ಇವರಿಗೇ ಮಾಡುವ ಅನ್ಯಾಯ. ಇವರಿಗೆ ಬೇಕಿರುವುದು ಆರೋಗ್ಯ ವಿಮೆ, ಪಿಂಚಣಿ, ಕಷ್ಟಕಾಲಕ್ಕೆ ಒಂದಿಷ್ಟು ಆಸರೆ. ಉಳಿದ ಮೂರನೇ ಒಂದು ಪಾಲಿನಲ್ಲಿ ಬೆಳೆಯಬಲ್ಲವರು ಇದ್ದಾರೆ. ಅವರಿಗೆ ಬೇಕಿರುವುದು ಬೇರೆಯೇ.

ಬೆಳವಣಿಗೆ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಚಾಂಗ್-ತಾಯ್ ಶೇ ಮತ್ತು ಪೀಟರ್ ಕ್ಲೆನೋ 2014ರಲ್ಲಿ ತೋರಿಸಿದರು. ಅಮೆರಿಕದಲ್ಲಿ 40 ವರ್ಷ ಬಾಳಿದ ಒಂದು ಕಾರ್ಖಾನೆಯಲ್ಲಿ, ಐದು ವರ್ಷದೊಳಗಿನ ಕಾರ್ಖಾನೆಗಿಂತ ಏಳು ಪಟ್ಟಿಗೂ ಹೆಚ್ಚು ಕೆಲಸಗಾರರು ಇರುತ್ತಾರೆ. ಭಾರತ, ಮೆಕ್ಸಿಕೊಗಳಲ್ಲಿ ಅದೇ 40 ವರ್ಷ ಬಾಳಿ ಉಳಿದ ಕಾರ್ಖಾನೆ ಸುಮಾರು ಎರಡು ಪಟ್ಟು ಆಗಿರುತ್ತದೆ, ಅಷ್ಟೇ. ಬಡ ದೇಶಗಳಲ್ಲಿ ಉದ್ಯಮ ಶುರು ಮಾಡುವವರಿಗೆ ಬರಗಾಲವೇ ಇಲ್ಲ. ಶುರುವಾದದ್ದು ದೊಡ್ಡದಾಗುತ್ತಿಲ್ಲ, ಕೊರತೆ ಇರುವುದು ಅಲ್ಲಿ.

ಇದಕ್ಕೆ ಎಲ್ಲರೂ ಮೊದಲು ಹೇಳುವ ಕಾರಣ ಸಾಲ ಸಿಗದಿರುವುದು. ವಿಶ್ವಬ್ಯಾಂಕ್ ಸಮೂಹದ ಅಂತರರಾಷ್ಟ್ರೀಯ ಹಣಕಾಸು ನಿಗಮ 2017ರಲ್ಲಿ ಹಾಕಿದ ಅಂದಾಜಿನಂತೆ ಅಭಿವೃದ್ಧಿಶೀಲ ದೇಶಗಳ ಸುಮಾರು 6.5 ಕೋಟಿ ನೋಂದಾಯಿತ ಸಣ್ಣ ಉದ್ಯಮಗಳಿಗೆ ಬೇಕಾದಷ್ಟು ಹಣ ಸಿಗುತ್ತಿಲ್ಲ. ವರ್ಷಕ್ಕೆ 5.2 ಲಕ್ಷ ಕೋಟಿ ಡಾಲರ್‌ನಷ್ಟು ಕೊರತೆ. ಬಂಡವಾಳ ಬಿದ್ದರೆ ಫಲ ಬರುತ್ತದೆ ಅನ್ನುವುದಕ್ಕೂ ಸಾಕ್ಷಿ ಇದೆ. ಶ್ರೀಲಂಕಾದಲ್ಲಿ ಕಿರು ಉದ್ಯಮಿಗಳಿಗೆ ಚೀಟಿ ಎತ್ತಿ 10,000 ಅಥವಾ 20,000 ಶ್ರೀಲಂಕಾ ರೂಪಾಯಿ ಕೊಟ್ಟಾಗ ತಿಂಗಳಿಗೆ ಆ ಹಣದ ಮೇಲೆ ಶೇ 5ರ ಆಸುಪಾಸು ಆದಾಯ ಬಂತು. ಯಾವ ಬ್ಯಾಂಕಿನ ಬಡ್ಡಿಗಿಂತಲೂ ಅದು ಹೆಚ್ಚು.

ಆದರೆ ಹೆಂಗಸರ ಉದ್ಯಮಗಳಲ್ಲಿ ಸರಾಸರಿ ಏನೂ ಹೆಚ್ಚಲಿಲ್ಲ. ಹೆಂಗಸರಿಗೆ ವ್ಯಾಪಾರ ಬರುವುದಿಲ್ಲ ಅಂತ ಇದನ್ನು ಓದಿದವರೂ ಇದ್ದರು. ಮುಂದೆ ಭಾರತ, ಘಾನಾ, ಶ್ರೀಲಂಕಾದ ಅಂಕಿಅಂಶಗಳನ್ನು ಇನ್ನೊಂದು ತಂಡ ಮನೆಯ ಒಟ್ಟು ಲೆಕ್ಕದೊಂದಿಗೆ ಇಟ್ಟು ನೋಡಿತು. ಹೆಂಡತಿಗೆ ಬಂದ ಹಣ ಬಹಳ ಸಲ ಗಂಡನ ವ್ಯಾಪಾರಕ್ಕೆ ಹೋಗಿತ್ತು. ಮನೆಯಲ್ಲಿ ಆಕೆಯದೊಂದೇ ಉದ್ಯಮ ಇದ್ದಲ್ಲಿ ಆಕೆಯ ಗಳಿಕೆಯೂ ಗಂಡಸರಷ್ಟೇ ಇತ್ತು. ಹೆಂಗಸರ ಹೆಸರಲ್ಲಿ ಸಾಲ ಕೊಟ್ಟು ಸಬಲೀಕರಣ ಆಯಿತು ಎಂದು ಬರೆದುಕೊಳ್ಳುವ ಮುಂಚೆ ಈ ಅಧ್ಯಯನವನ್ನು ಒಮ್ಮೆ ಓದಬೇಕು.

ಮೈಕ್ರೋಫೈನಾನ್ಸ್ ಸಾಲದ ಕಥೆಯೂ ಇಲ್ಲೇ ಬರುತ್ತದೆ. ಬೋಸ್ನಿಯಾ, ಇಥಿಯೋಪಿಯಾ, ಭಾರತ, ಮೆಕ್ಸಿಕೊ, ಮಂಗೋಲಿಯಾ, ಮೊರಾಕೊ, ಈ ಆರು ದೇಶಗಳ ಪ್ರಯೋಗಗಳ ಫಲ 2015ರಲ್ಲಿ ಒಟ್ಟಿಗೆ ಹೊರಬಂತು. ಒಂದಿಷ್ಟು ಒಳ್ಳೆಯದಾಗಿದೆ, ಬದುಕು ಬದಲಾಗುವಷ್ಟು ಆಗಿಲ್ಲ ಅನ್ನುವುದು ಅದರ ಸಾರ. ಇದಕ್ಕೆ ಒಂದು ಕಾರಣ ಸಾಲದ ರೀತಿಯಲ್ಲೇ ಇದೆ. ಸಾಲ ಕೈಗೆ ಬಂದ ಎರಡನೇ ವಾರದಿಂದ ಕಂತು ಶುರು. ಹಾಗಾದರೆ ದಿನದಿನ ದುಡ್ಡು ತಿರುಗುವ ವ್ಯಾಪಾರವನ್ನಷ್ಟೇ ಮಾಡಬಹುದು. ಯಂತ್ರ ಕೊಂಡು, ಕೆಲಸ ಕಲಿಸಿ, ಮೂರು ತಿಂಗಳ ನಂತರ ದುಡ್ಡು ಕಾಣುವ ಕೆಲಸಕ್ಕೆ ಆ ಸಾಲ ಒಗ್ಗುವುದಿಲ್ಲ. ಕೋಲ್ಕತ್ತಾದಲ್ಲಿ ಕೆಲವರಿಗೆ ಮೊದಲ ಎರಡು ತಿಂಗಳು ಕಂತಿಲ್ಲ ಎಂದು ಬಿಟ್ಟು ನೋಡಿದರು. ಅವರು ಉದ್ಯಮಕ್ಕೆ ಹೆಚ್ಚು ಹಣ ಹಾಕಿದರು, ವರ್ಷಗಳ ನಂತರ ಅವರ ಲಾಭವೂ ಹೆಚ್ಚಿತ್ತು. ಸಾಲ ಮರುಪಾವತಿ ತಪ್ಪಿದವರೂ ಹೆಚ್ಚಾದರು, ಅದನ್ನು ಮುಚ್ಚಿಡಬಾರದು. ದೊಡ್ಡ ಹೆಜ್ಜೆ ಇಟ್ಟರೆ ಕೆಲವರು ಎಡವುತ್ತಾರೆ. ಆ ನಷ್ಟವನ್ನು ಯಾರು ಹೊರಬೇಕು ಅನ್ನುವುದನ್ನು ಮೊದಲೇ ತೀರ್ಮಾನಿಸದೆ ಎಲ್ಲ ಸಾಲವನ್ನೂ ವಾರದ ಕಂತಿಗೆ ಕಟ್ಟಿಹಾಕಿದ್ದೇವೆ.

ನೈಜೀರಿಯಾ ಇದರ ಎದುರು ದಾರಿ ಹಿಡಿಯಿತು. 2011ರಲ್ಲಿ ಅಲ್ಲಿನ ಸರ್ಕಾರ 'ಯು ವಿನ್' ಎಂಬ ಸ್ಪರ್ಧೆ ನಡೆಸಿತು. ಉದ್ಯಮದ ಯೋಜನೆ ಬರೆದು ಕಳಿಸಿ ಎಂದಾಗ ಸುಮಾರು 24,000 ಯುವಜನರು ಅರ್ಜಿ ಹಾಕಿದರು. ಗೆದ್ದವರಿಗೆ ಸಿಕ್ಕಿದ್ದು ಸರಾಸರಿ 50,000 ಡಾಲರ್, ಸಾಲವಲ್ಲ, ಅನುದಾನ. ಅರೆಗೆಲುವಿನ ಹಂತದಲ್ಲಿದ್ದವರಲ್ಲಿ ಹಲವರನ್ನು ಚೀಟಿ ಎತ್ತಿ ಆರಿಸಿದ್ದರಿಂದ ಗೆದ್ದವರನ್ನೂ ಸೋತವರನ್ನೂ ಹೋಲಿಸಿ ನೋಡಲು ಆಯಿತು. ಮೂರು ವರ್ಷಗಳ ನಂತರ, ಹತ್ತು ಅಥವಾ ಹೆಚ್ಚು ಜನರಿರುವ ಉದ್ಯಮ ನಡೆಸುವ ಸಾಧ್ಯತೆ ಗೆದ್ದವರಲ್ಲಿ 20 ಶೇಕಡಾ ಅಂಶಕ್ಕೂ ಹೆಚ್ಚು ಜಾಸ್ತಿ ಇತ್ತು. ಸಣ್ಣ ಉದ್ಯಮದ ಯೋಜನೆಗಳಲ್ಲಿ ಇಷ್ಟು ದೊಡ್ಡ ಫಲ ಅಪರೂಪ. ಬೆಳೆಯಬೇಕೆಂಬ ಆಸೆ ಇದ್ದವರು ತಾವಾಗಿಯೇ ಮುಂದೆ ಬಂದರು, ಹಣ ಒಂದು ಹಂತ ದಾಟುವಷ್ಟು ದೊಡ್ಡದಿತ್ತು. ನೂರು ಜನರಿಗೆ ಹಂಚಿ ಯಾರಿಗೂ ಸಾಲದಂತೆ ಮಾಡಲಿಲ್ಲ. ಅಲ್ಪಸ್ವಲ್ಪ ಎಲ್ಲರಿಗೂ ಕೊಟ್ಟರೆ ಮತ ಬರುತ್ತದೆ, ಎರಡನೇ ಆಳು ಬರುವುದಿಲ್ಲ.

ಕಾನೂನಿನ ಕಾಟದ ಬಗ್ಗೆ ಬಹಳ ಬರೆಯಲಾಗಿದೆ, ಇಲ್ಲಿ ಚುಟುಕಾಗಿ ಹೇಳುತ್ತೇನೆ. ಅರ್ಥಶಾಸ್ತ್ರಜ್ಞ ಹೆರ್ನಾಂಡೊ ಡಿ ಸೋಟೊ ಅವರ ತಂಡ 1980ರ ದಶಕದಲ್ಲಿ ಪೆರುವಿನ ಲಿಮಾದಲ್ಲಿ ಚಿಕ್ಕದೊಂದು ಬಟ್ಟೆ ಘಟಕವನ್ನು ಕಾನೂನುಬದ್ಧವಾಗಿ ನೋಂದಾಯಿಸಲು ಹೊರಟಾಗ 289 ದಿನ ಬೇಕಾಯಿತು. ಅದರ ನಂತರ ಹಲವು ದೇಶಗಳು ನೋಂದಣಿಯನ್ನು ಸುಲಭ ಮಾಡಿದವು, ಒಳ್ಳೆಯದೇ ಆಯಿತು. ಆದರೆ ಶ್ರೀಲಂಕಾದಲ್ಲಿ ನೋಂದಣಿಯ ಖರ್ಚನ್ನು ಪೂರ್ತಿ ಕೊಡುತ್ತೇವೆ, ಮಾಹಿತಿಯನ್ನೂ ಕೊಡುತ್ತೇವೆ ಎಂದರೂ ಯಾರೂ ಹೆಚ್ಚಾಗಿ ಬರಲಿಲ್ಲ. ಎರಡು ತಿಂಗಳ ಲಾಭದಷ್ಟು ಹಣ ಕೈಗೆ ಕೊಡುತ್ತೇವೆ ಎಂದಾಗ ಅರ್ಧದಷ್ಟು ಜನ ನೋಂದಾಯಿಸಿದರು. ನೋಂದಣಿಯಿಂದ ತಮಗೆ ಏನು ಸಿಗುತ್ತದೆ ಅನ್ನುವುದು ಉದ್ಯಮಿಗಳಿಗೆ ಕಾಣುತ್ತಿರಲಿಲ್ಲ, ಅಷ್ಟೇ.

ಚಿಕ್ಕದನ್ನು ಕಾಪಾಡಲು ಹೋಗಿ ಚಿಕ್ಕದಾಗಿಯೇ ಇರಿಸುವುದೂ ಉಂಟು. ಭಾರತ 1967ರಿಂದ ಕೆಲವು ವಸ್ತುಗಳನ್ನು ಸಣ್ಣ ಕೈಗಾರಿಕೆಗಳಷ್ಟೇ ತಯಾರಿಸಬೇಕು ಎಂದು ಮೀಸಲಿಟ್ಟಿತು. ಒಂದು ಕಾಲಕ್ಕೆ ಆ ಪಟ್ಟಿಯಲ್ಲಿ 800ಕ್ಕೂ ಹೆಚ್ಚು ವಸ್ತುಗಳಿದ್ದವು. ಉದ್ದೇಶ ಉದ್ಯೋಗ ಉಳಿಸುವುದು. ಆದರೆ ಯಂತ್ರಗಳ ಮೇಲಿನ ಬಂಡವಾಳ ಮಿತಿ ದಾಟಿದರೆ ಆ ಆಸರೆ ತಪ್ಪುತ್ತಿತ್ತು. ಚೆನ್ನಾಗಿ ನಡೆಯುವ ಘಟಕ ಬೆಳೆಯಲು ಹಿಂಜರಿಯುವಂತೆ ಮಾಡಿದ ನಿಯಮ ಇದು. ಪಟ್ಟಿಯನ್ನು ಹಂತಹಂತವಾಗಿ ಕರಗಿಸಿ, ಕೊನೆಯ 20 ವಸ್ತುಗಳನ್ನು 2015ರಲ್ಲಿ ತೆಗೆಯಲಾಯಿತು. ಮೀಸಲಾತಿ ಹೆಚ್ಚಾಗಿ ತೆರವಾದ ಜಿಲ್ಲೆಗಳಲ್ಲಿ 2000ರಿಂದ 2007ರ ನಡುವೆ ಉದ್ಯೋಗವೂ ಕೂಲಿಯೂ ಹೆಚ್ಚು ಏರಿದ್ದು ಆಮೇಲೆ ನಡೆದ ಅಧ್ಯಯನದಲ್ಲಿ ಕಂಡುಬಂತು.

ಹಾಗಂತ ದೊಡ್ಡ ಕಾರ್ಖಾನೆ ಬಂದರೆ ಎಲ್ಲ ಸರಿಹೋಗುತ್ತದೆ ಎಂದೂ ನಾನು ಹೇಳಲಾರೆ. ಇಥಿಯೋಪಿಯಾದಲ್ಲಿ ಕ್ರಿಸ್ಟೋಫರ್ ಬ್ಲಾಟ್‌ಮನ್ ಮತ್ತು ಸ್ಟೆಫನ್ ಡರ್ಕನ್ ಕೆಲಸ ಹುಡುಕುತ್ತಿದ್ದ ಯುವಜನರಲ್ಲಿ ಕೆಲವರಿಗೆ ಕಾರ್ಖಾನೆ ಕೆಲಸ, ಕೆಲವರಿಗೆ ತರಬೇತಿ ಮತ್ತು ಸುಮಾರು 300 ಡಾಲರ್ ಅನುದಾನ ಸಿಗುವಂತೆ ಮಾಡಿದರು. ಕಾರ್ಖಾನೆ ಸೇರಿದವರಲ್ಲಿ ಮುಕ್ಕಾಲು ಪಾಲು ವರ್ಷದೊಳಗೆ ಬಿಟ್ಟರು. ಸಂಬಳ ಹೊರಗಿನ ಕೆಲಸಕ್ಕಿಂತ ಹೆಚ್ಚಿರಲಿಲ್ಲ, ಆರೋಗ್ಯಕ್ಕೂ ಪೆಟ್ಟಾಗಿತ್ತು. ಅನುದಾನ ಪಡೆದವರ ಗಳಿಕೆ ಮೊದಲ ವರ್ಷ ಮೂರನೇ ಒಂದರಷ್ಟು ಏರಿತು. ಐದು ವರ್ಷ ಕಳೆಯುವ ಹೊತ್ತಿಗೆ ಎರಡು ಗುಂಪುಗಳೂ ಏನೂ ಸಿಗದವರ ಜೊತೆ ಸಮನಾಗಿದ್ದವು. ಒಂದು ಸಲದ ಸಹಾಯ ಒಂದು ಮಟ್ಟದ ತನಕ ಕರೆದೊಯ್ದು ಬಿಡುತ್ತದೆ. ಅಲ್ಲಿಂದ ಮುಂದೆ ಹೋಗಲು ಊರಿನ ಆರ್ಥಿಕತೆಯೇ ಬೆಳೆಯಬೇಕು.

ಕೆಲಸದ ಗುಣಮಟ್ಟದ ಮಾತೂ ಇದೇ. ಜಗತ್ತಿನ 200 ಕೋಟಿ ಜನ, ದುಡಿಯುವವರಲ್ಲಿ ನೂರಕ್ಕೆ 61 ಮಂದಿ, ಅಸಂಘಟಿತ ದುಡಿಮೆಯಲ್ಲಿದ್ದಾರೆ ಎಂದು ಐಎಲ್‌ಒ 2018ರಲ್ಲಿ ಅಂದಾಜಿಸಿತ್ತು. ರಜೆ ಇಲ್ಲ, ಪೆಟ್ಟಾದರೆ ಪರಿಹಾರ ಇಲ್ಲ, ವಯಸ್ಸಾದ ಮೇಲೆ ಏನೂ ಇಲ್ಲ. ಇಬ್ಬರು ಮೂವರಿರುವ ಘಟಕದ ಮಾಲೀಕರ ಮೇಲೆ ಇದನ್ನೆಲ್ಲ ಹೊರಿಸಿದರೆ ಅವರು ಆಳನ್ನೇ ಇಟ್ಟುಕೊಳ್ಳುವುದಿಲ್ಲ. ವಿಮೆ, ಪಿಂಚಣಿಗಳು ಮಾಲೀಕನ ಮೂಲಕ ಬರದೆ ನೇರವಾಗಿ ಪ್ರತಿಯೊಬ್ಬ ನಾಗರಿಕರಿಗೆ ಸಿಗುವಂತೆ ಮಾಡುವುದೇ ಇದಕ್ಕೆ ದಾರಿ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಆಗ ಆ ಹೊಲಿಗೆಯ ಹೆಣ್ಣುಮಗಳು ಆಸ್ಪತ್ರೆ ಬಿಲ್ಲಿಗೆ ಯಂತ್ರ ಮಾರಬೇಕಾಗುವುದಿಲ್ಲ.

ಸಾಲ, ತರಬೇತಿ, ನೋಂದಣಿಗಳ ಬಗ್ಗೆ ನಡೆಯುವಷ್ಟು ಚರ್ಚೆ ಆರ್ಡರ್ ಬಗ್ಗೆ ನಡೆಯುವುದಿಲ್ಲ. ನನ್ನ ಮಟ್ಟಿಗೆ ದೊಡ್ಡ ಲೋಪ ಇದೇ. ಕೆಲಸ ಇದ್ದರೆ ಆಳು ತಾನಾಗಿ ಬೇಕಾಗುತ್ತದೆ. ಈಜಿಪ್ಟಿನ ಫುವ್ವಾ ಪಟ್ಟಣದ ಚಿಕ್ಕ ಚಿಕ್ಕ ಜಮಖಾನೆ ನೇಯುವ ಘಟಕಗಳಿಗೆ ಸಂಶೋಧಕರು ಹೊರದೇಶದ ಗಿರಾಕಿಗಳ ಆರ್ಡರ್ ತಂದುಕೊಟ್ಟರು. ಯಾವ ಘಟಕಕ್ಕೆ ಅನ್ನುವುದು ಚೀಟಿಯಲ್ಲಿ ತೀರ್ಮಾನವಾಯಿತು. ಆರ್ಡರ್ ಸಿಕ್ಕವರ ಲಾಭ ಶೇ 16ರಿಂದ 26ರಷ್ಟು ಏರಿತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಅಂಚು ನೇರವಾಗಿರಬೇಕು, ಬಿಗಿ ಹೀಗಿರಬೇಕು ಎಂದು ಗಿರಾಕಿಗಳು ಹೇಳಿ ಕಳಿಸುತ್ತಾ ಹೋದಂತೆ ನೇಕಾರರ ಕೈ ಪಳಗಿತು. ಆಮೇಲೆ ಒಂದೇ ಬಗೆಯ ಜಮಖಾನೆಯನ್ನು ಎಲ್ಲರಿಂದಲೂ ನೇಯಿಸಿ ನೋಡಿದಾಗಲೂ ಆರ್ಡರ್ ಸಿಕ್ಕಿದ್ದವರ ನೇಯ್ಗೆಯೇ ಮೇಲಿತ್ತು. ತರಗತಿಯಲ್ಲಿ ಕೂರಿಸಿ ಹೇಳಿಕೊಟ್ಟರೆ ಬರದ ಕಲಿಕೆ ಇದು.

ಕೋಸ್ಟರಿಕಾದಲ್ಲಿ ಬಹುರಾಷ್ಟ್ರೀಯ ಕಂಪನಿಗಳಿಗೆ ಸರಕು ಒದಗಿಸಲು ಶುರು ಮಾಡಿದ ಸ್ಥಳೀಯ ಸಂಸ್ಥೆಗಳಲ್ಲಿ ನಾಲ್ಕು ವರ್ಷಗಳ ಹೊತ್ತಿಗೆ ಕೆಲಸಗಾರರ ಸಂಖ್ಯೆ ಸುಮಾರು ಕಾಲುಪಾಲು ಹೆಚ್ಚಿತ್ತು. ದೊಡ್ಡದು ಮತ್ತು ಸಣ್ಣದು ಎದುರಾಳಿಗಳು ಎಂದು ನೋಡುವ ರೂಢಿ ನಮ್ಮಲ್ಲಿದೆ. ಇಲ್ಲಿ ಸಣ್ಣದು ಬೆಳೆದದ್ದು ದೊಡ್ಡದರ ಪಕ್ಕದಲ್ಲೇ.

ಸಣ್ಣವರು ಒಬ್ಬರಿಗೊಬ್ಬರು ಆಗಿಬರುವುದೂ ಇದೆ. ಉಗಾಂಡದ ಬಡಗಿಗಳ ಕಾರ್ಯಾಗಾರಗಳನ್ನು ನೋಡಿ. ಒಂದೊಂದರಲ್ಲಿ ಬೆರಳೆಣಿಕೆಯ ಜನ. ಮರವನ್ನು ದಪ್ಪ ಸಮ ಮಾಡುವ ದೊಡ್ಡ ಯಂತ್ರ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಕೊಂಡರೂ ದಿನವಿಡೀ ಓಡಿಸುವಷ್ಟು ಕೆಲಸ ಒಬ್ಬರಿಗೆ ಇಲ್ಲ. ಆದ್ದರಿಂದ ಒಬ್ಬರು ಕೊಂಡ ಯಂತ್ರಕ್ಕೆ ಸುತ್ತಲಿನವರೆಲ್ಲ ಮರ ಹೊತ್ತು ತರುತ್ತಾರೆ, ಬಾಡಿಗೆ ಕೊಟ್ಟು ಕೆಲಸ ಮುಗಿಸಿಕೊಂಡು ಹೋಗುತ್ತಾರೆ. ಹೊರಗಿನಿಂದ ನೋಡಿದರೆ ಹತ್ತಾರು ಪುಟ್ಟ ಅಂಗಡಿಗಳು, ಒಳಗೆ ಒಂದು ಮಧ್ಯಮ ಗಾತ್ರದ ಕಾರ್ಖಾನೆಯಷ್ಟೇ ಯಂತ್ರಬಲ. ಅಕ್ಕಪಕ್ಕ ಇದ್ದರಷ್ಟೇ ಇದು ನಡೆಯುತ್ತದೆ. ರಸ್ತೆ ಅಗಲ ಮಾಡಲು ಅಂತ ಅವರನ್ನು ಚದುರಿಸಿ ಊರಾಚೆ ಒಬ್ಬೊಬ್ಬರನ್ನು ಒಂದೊಂದು ಕಡೆ ಕೂರಿಸಿದರೆ ಈ ವ್ಯವಸ್ಥೆ ಒಂದೇ ದಿನದಲ್ಲಿ ಮುರಿದುಬೀಳುತ್ತದೆ.

ಪಾಕಿಸ್ತಾನದ ಸಿಯಾಲ್‌ಕೋಟ್ ಶಸ್ತ್ರಚಿಕಿತ್ಸೆಯ ಕತ್ತರಿ, ಚಿಮಟಗಳಿಗೆ ಹೆಸರುವಾಸಿ. ಅಲ್ಲೂ ಸಣ್ಣ ಘಟಕಗಳೇ ಹೆಚ್ಚು. ಗುಣಮಟ್ಟ ಸಾಲದೆಂದು 1994ರಲ್ಲಿ ಅಮೆರಿಕ ಅವರ ಸರಕಿಗೆ ತಡೆ ಒಡ್ಡಿತು. ಒಂಟಿ ಘಟಕಕ್ಕೆ ಅದನ್ನು ಎದುರಿಸುವ ಶಕ್ತಿ ಇರಲಿಲ್ಲ. ಅವರ ಸಂಘ ಸರ್ಕಾರದ ನೆರವು ಪಡೆದು ತಜ್ಞರನ್ನು ಕರೆಸಿ, ತಯಾರಿಕೆಯ ಕ್ರಮವನ್ನೇ ಸರಿಪಡಿಸಿಕೊಂಡಿತು. ಆ ಮಾರುಕಟ್ಟೆ ಮತ್ತೆ ತೆರೆಯಿತು.

ಇದೆಲ್ಲದರ ಜೊತೆ ವಿದ್ಯುತ್ ಇರಬೇಕು. ಕರೆಂಟ್ ಹೋದಾಗ ದೊಡ್ಡ ಕಾರ್ಖಾನೆ ಜನರೇಟರ್ ಹಾಕುತ್ತದೆ, ಚಿಕ್ಕ ಘಟಕ ಸುಮ್ನೆ ಕೂರುತ್ತದೆ. ದಿನಗೂಲಿ ಮಾತ್ರ ಓಡುತ್ತಿರುತ್ತದೆ.

ಆರ್ಡರ್ ಕೊಡುವವರಲ್ಲಿ ಎಲ್ಲ ದೇಶದಲ್ಲೂ ಅತಿ ದೊಡ್ಡ ಗಿರಾಕಿ ಸರ್ಕಾರವೇ. ಶಾಲೆಯ ಬೆಂಚು, ಸಮವಸ್ತ್ರ, ಆಸ್ಪತ್ರೆಯ ಹಾಸಿಗೆ, ಕಚೇರಿಯ ಕಪಾಟು ಎಲ್ಲವನ್ನೂ ಅದು ಕೊಳ್ಳುತ್ತದೆ. ಬ್ರೆಜಿಲ್‌ನಲ್ಲಿ ಸರ್ಕಾರಿ ಗುತ್ತಿಗೆ ಗೆದ್ದ ಸಂಸ್ಥೆಗಳು ಜನರನ್ನು ಸೇರಿಸಿಕೊಂಡವು. ಸೇರಿದವರಲ್ಲಿ ಬಹುಪಾಲು ಮೊದಲು ಕೆಲಸವಿಲ್ಲದೆ ಇದ್ದವರು ಅಥವಾ ಅಸಂಘಟಿತ ದುಡಿಮೆಯಲ್ಲಿದ್ದವರು. ಗುತ್ತಿಗೆ ಮುಗಿದ ಮೇಲೂ ಆ ಸಂಸ್ಥೆಗಳು ಹಿಂದಿನ ಗಾತ್ರಕ್ಕೆ ಇಳಿಯಲಿಲ್ಲ. ಶ್ರೀಲಂಕಾದಲ್ಲಿ ಸಂಬಳದ ಸಹಾಯಧನ ಮಾಡಲಾಗದ್ದನ್ನು ಇಲ್ಲಿ ಆರ್ಡರ್ ಮಾಡಿತು.

ಆದರೆ ಮಾಲು ಕೊಟ್ಟ ಮೇಲೆ ಬಿಲ್ ಪಾಸಾಗಬೇಕಲ್ಲ. ಸಣ್ಣವರು ಕಚ್ಚಾ ಮಾಲನ್ನು ನಗದು ಕೊಟ್ಟು ತರುತ್ತಾರೆ, ಕೂಲಿಯನ್ನು ವಾರಕ್ಕೆ ಕೊಡುತ್ತಾರೆ, ತಮಗೆ ಬರಬೇಕಾದ ಹಣಕ್ಕೆ ತಿಂಗಳುಗಟ್ಟಲೆ ಅಲೆಯುತ್ತಾರೆ. ಸಣ್ಣ ಉದ್ಯಮಿಯೇ ದೊಡ್ಡವರಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟ ಹಾಗಾಗುತ್ತದೆ. ಭಾರತದ 2006ರ ಕಾಯ್ದೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು ಎನ್ನುತ್ತದೆ. ಆ ಬಡ್ಡಿ ಕೇಳುವ ಧೈರ್ಯ ಎಷ್ಟು ಜನರಿಗಿದೆ? ಕೇಳಿದರೆ ಮುಂದಿನ ಆರ್ಡರ್ ಹೋಗುತ್ತದೆ ಅನ್ನುವ ಭಯ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯ ನಿಯಮವೊಂದು ಇದನ್ನು ಬೇರೆ ಕಡೆಯಿಂದ ಹಿಡಿಯಿತು. ಕಿರು, ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಕೊಡದ ಹಣವನ್ನು ಖರೀದಿದಾರರು ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ. ದೂರು ಕೊಡುವ ಹೊರೆ ಸಣ್ಣವರ ಮೇಲಿಂದ ಇಳಿಯಿತು, ಇದು ಒಳ್ಳೆಯ ದಾರಿ. ಆದರೆ ತೆರಿಗೆಯೇ ಕಟ್ಟದ ಸರ್ಕಾರಿ ಇಲಾಖೆಗೆ ಈ ನಿಯಮದ ಬಿಸಿ ತಟ್ಟುವುದಿಲ್ಲ. ಹೊಸ ಯೋಜನೆ, ಹೊಸ ಹೆಸರು, ಹೊಸ ಸಹಾಯಧನ ಯಾವುದೂ ಬೇಡ. ಪ್ರತಿ ಇಲಾಖೆ ಸಣ್ಣ ಉದ್ಯಮಗಳಿಗೆ ಎಷ್ಟು ಬಾಕಿ ಇಟ್ಟುಕೊಂಡಿದೆ, ಎಷ್ಟು ದಿನದಿಂದ ಇಟ್ಟುಕೊಂಡಿದೆ ಎಂದು ತಿಂಗಳಿಗೊಮ್ಮೆ ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ. ಉದ್ಯೋಗದ ಹೆಸರಿನಲ್ಲಿ ಯಾವ ಸರ್ಕಾರವೇ ಆಗಲಿ ನಾಳೆ ಬೆಳಿಗ್ಗೆಯೇ ಶುರು ಮಾಡಬಹುದಾದ ಕೆಲಸ ಇದು.